ಹಾಡ್ತಾ ಹಾಡ್ತಾ ರಾಗ: ವಾದ್ಯ ಕಲಿಯಲು ಪ್ರತಿಭೆಯೋ, ಅಭ್ಯಾಸವೋ?

(ನಮ್ಮ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹ ರೂಪ)



ನಮ್ಮ ಹಿರಿಯರು ಒಂದೇ ವಿಷಯಕ್ಕೆ ಎರಡು ಗಾದೆ ಕಟ್ಟಿಟ್ಟು ಹೋಗಿದ್ದಾರೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅನ್ನುವುದು ಒಂದು. ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಅನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದರೆ, ಮುಂದೆ ದೊಡ್ಡ ಕಲಾವಿದನಾಗುವವನ ಗುರುತು ಮೂರನೇ ವರ್ಷಕ್ಕೇ ಸಿಕ್ಕಿಬಿಡಬೇಕು. ಎರಡನೆಯದನ್ನು ನಂಬಿದರೆ ಬಿಡದೆ ಹಾಡಿದವನಿಗೆಲ್ಲ ರಾಗ ಒಲಿಯಬೇಕು. ತಮಾಷೆ ಏನೆಂದರೆ, ಈ ಎರಡೂ ಗಾದೆಯನ್ನು ನಾವು ಒಂದೇ ಅಜ್ಜಿಯ ಬಾಯಲ್ಲಿ ಕೇಳಿರುತ್ತೇವೆ. ಮೊಮ್ಮಗ ಚೆನ್ನಾಗಿ ಹಾಡಿದ ದಿನ ಮೊದಲ ಗಾದೆ, ಅಪಸ್ವರ ಎಬ್ಬಿಸಿದ ದಿನ ಎರಡನೆಯದು!

ಇವತ್ತು ಈ ಗಾದೆಗಳ ಜಗಳವನ್ನೇ ಮಾತಿಗೆ ತೆಗೆದುಕೊಳ್ಳಲು ಕಾರಣ ನೀವೇ. ವೀಣೆಯದೋ ಕೊಳಲಿನದೋ ಕಾರ್ಯಕ್ರಮ ಪ್ರಸಾರವಾದ ಮರುದಿನ ಬರುವ ಫೋನು, ಪತ್ರಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. ‘ಮಗಳು ಎರಡು ವರ್ಷದಿಂದ ಪಿಟೀಲು ಪಾಠಕ್ಕೆ ಹೋಗುತ್ತಿದ್ದಾಳೆ. ಇನ್ನೂ ಗೀತೆಗಳಲ್ಲೇ ಇದ್ದಾಳೆ. ಪಕ್ಕದ ಫ್ಲ್ಯಾಟಿನ ಹುಡುಗ ಆರೇ ತಿಂಗಳಲ್ಲಿ ಕೀಬೋರ್ಡಿನ ಮೇಲೆ ಸಿನಿಮಾ ಹಾಡು ನುಡಿಸುತ್ತಾನೆ. ನಮ್ಮ ಮಗುವಿಗೆ ಪ್ರತಿಭೆ ಇಲ್ಲವೇನೋ. ಬಿಡಿಸಿಬಿಡೋಣವೇ?’ ಇದು ಒಬ್ಬ ತಾಯಿಯ ಮಾತಲ್ಲ, ಠಾಣೆಯಿಂದ, ಡೊಂಬಿವಲಿಯಿಂದ, ನವಿ ಮುಂಬೈಯಿಂದ ಬೇರೆ ಬೇರೆ ದನಿಯಲ್ಲಿ ಬರುವ ಒಂದೇ ಮಾತು. ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಈ ಊರಿನಲ್ಲಿ ಪಾಠದ ಒಂದು ಗಂಟೆ ಅಂದರೆ ಹೋಗಿ ಬರುವ ಎರಡು ಗಂಟೆಯೂ ಸೇರಿ ಮೂರು ಗಂಟೆ. ಜೊತೆಗೆ ಫೀಸು, ಶಾಲೆಯ ಪರೀಕ್ಷೆ, ಟ್ಯೂಷನ್ನು. ಇಷ್ಟೆಲ್ಲ ಸುರಿದ ಮೇಲೆ ಫಲ ಇದೆಯೋ ಇಲ್ಲವೋ ಎಂದು ಕೇಳುವುದು ನ್ಯಾಯವೇ.

ಮೊದಲು ಆ ಪಕ್ಕದ ಫ್ಲ್ಯಾಟಿನ ಹುಡುಗನ ವಿಷಯ ಮುಗಿಸೋಣ. ಕೀಬೋರ್ಡಿನಲ್ಲಿ ಸ್ವರ ಸಿದ್ಧವಾಗಿ ಕೂತಿರುತ್ತದೆ. ಮನೆ ಒತ್ತಿದರೆ ಸಾಕು, ಶ್ರುತಿ ಶುದ್ಧ. ಪಿಟೀಲಿನ ಕಥೆ ಹಾಗಲ್ಲ. ಅದರ ಪಟ್ಟಿಯ ಮೇಲೆ ಮೆಟ್ಟಿಲುಗಳೇ ಇಲ್ಲ. ಬೆರಳು ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಜಾರುತ್ತದೆ. ಎಡಗೈ ಸರಿಹೋಯಿತು ಅನ್ನುವಷ್ಟರಲ್ಲಿ ಬಲಗೈಯ ಕಮಾನು ಕಿರುಗುಟ್ಟುತ್ತದೆ. ವೀಣೆಗೆ 24 ಮೆಟ್ಟಿಲುಗಳಿವೆ ನಿಜ, ಆದರೆ ಗಮಕ ಬೇಕೆಂದರೆ ತಂತಿಯನ್ನು ಎಳೆಯಬೇಕು, ಎಷ್ಟು ಎಳೆಯಬೇಕೆಂದು ಕಿವಿಯೇ ಹೇಳಬೇಕು. ಬೆರಳ ತುದಿಯಲ್ಲಿ ಗೀರು ಬಿದ್ದು, ಉರಿದು, ಆಮೇಲೆ ಚರ್ಮ ಗಟ್ಟಿಯಾಗಬೇಕು. ಕೊಳಲು ಹಿಡಿದವರಿಗೆ ಮೊದಮೊದಲು ಬರುವುದು ಬರೀ ಗಾಳಿ. ಹಾಗಾಗಿ ಮೊದಲ ಒಂದೆರಡು ವರ್ಷದ ವೇಗದಿಂದ ಆ ವಾದ್ಯದ ಸ್ವಭಾವ ಗೊತ್ತಾದೀತು, ಮಗುವಿನ ಪ್ರತಿಭೆ ಗೊತ್ತಾಗದು.

ಹಾಗಂತ ಪ್ರತಿಭೆ ಅನ್ನುವುದೇ ಸುಳ್ಳು ಎಂದು ನಾನು ಹೇಳಲಾರೆ. ಒಂದೇ ಗುರುವಿನ ಹತ್ತಿರ ಒಂದೇ ದಿನ ಶುರು ಮಾಡಿದ ಇಬ್ಬರಲ್ಲಿ ಒಬ್ಬರಿಗೆ ಸ್ವರ ಬೇಗ ಹತ್ತುತ್ತದೆ, ಇನ್ನೊಬ್ಬರಿಗೆ ತಡವಾಗುತ್ತದೆ. ಇದು ಎಲ್ಲ ಸಂಗೀತ ಮೇಷ್ಟ್ರಿಗೂ ಗೊತ್ತು. ವಿಜ್ಞಾನಿಗಳೂ ಇದನ್ನು ಅಳೆದು ನೋಡಿದ್ದಾರೆ. 1993ರಲ್ಲಿ ಆಂಡರ್ಸ್ ಎರಿಕ್ಸನ್ ಮತ್ತು ಅವರ ಸಂಗಡಿಗರು ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು ಒಂದು ಅಧ್ಯಯನ ಪ್ರಕಟಿಸಿದರು. ಅತ್ಯುತ್ತಮರು ಎನಿಸಿಕೊಂಡವರು 18 ವರ್ಷ ತುಂಬುವ ಹೊತ್ತಿಗೆ ಸರಾಸರಿ ಸುಮಾರು 7,400 ಗಂಟೆ ಒಬ್ಬರೇ ಕೂತು ಸಾಧನೆ ಮಾಡಿದ್ದರು. ಅವರಿಗಿಂತ ಒಂದು ಮೆಟ್ಟಿಲು ಕೆಳಗಿದ್ದವರದು ಸುಮಾರು 5,300 ಗಂಟೆ. ಸಂಗೀತ ಶಿಕ್ಷಕರಾಗಲು ಓದುತ್ತಿದ್ದವರದು ಸುಮಾರು 3,400. ಈ ಅಧ್ಯಯನವನ್ನೇ ಹಿಡಿದು 2008ರಲ್ಲಿ ಮಾಲ್ಕಂ ಗ್ಲ್ಯಾಡ್‌ವೆಲ್ ತಮ್ಮ ‘ಔಟ್‌ಲೈಯರ್ಸ್’ ಪುಸ್ತಕದಲ್ಲಿ 10,000 ಗಂಟೆಯ ಮಾತನ್ನು ಜನಪ್ರಿಯ ಮಾಡಿದರು. ಆಮೇಲೆ ಅದು ಆಫೀಸಿನ ಮೀಟಿಂಗುಗಳವರೆಗೂ ಹೋಯಿತು. ದಿನಕ್ಕೆ ಅರ್ಧ ಗಂಟೆ ನುಡಿಸುವವರು 10,000 ಗಂಟೆ ಮುಟ್ಟಲು ಸುಮಾರು 55 ವರ್ಷ ಬೇಕು. ಗಾಬರಿಯಾಗಬೇಡಿ, ಆ ಸಂಖ್ಯೆಯಲ್ಲಿ ಮಂತ್ರ ಏನೂ ಇಲ್ಲ ಎಂದು ಸ್ವತಃ ಎರಿಕ್ಸನ್ ಅವರೇ ಆಮೇಲೆ ಆಕ್ಷೇಪಿಸಿದರು. ಅದೊಂದು ಸರಾಸರಿ ಅಷ್ಟೇ, ಎಷ್ಟು ಹೊತ್ತು ಅನ್ನುವುದರ ಜೊತೆಗೆ ಹೇಗೆ ಕೂತು ಕಲಿತರು ಅನ್ನುವುದೂ ಮುಖ್ಯ ಎಂಬುದು ಅವರ ವಾದ.

ಇನ್ನೊಂದು ಪಕ್ಷವೂ ಇದೆ. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಸಂಗಡಿಗರು ಇಂಥ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಸಂಗೀತ ಕಲಿತವರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಅಭ್ಯಾಸದ ಪಾಲು ಶೇಕಡಾ 21ರಷ್ಟು ಎಂದು ಬಂತು. ಅದೇ ವರ್ಷ ಸ್ವೀಡನ್ನಿನಲ್ಲಿ 10,000ಕ್ಕೂ ಹೆಚ್ಚು ಅವಳಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು ಹೊರಬಂತು. ತದ್ರೂಪಿ ಅವಳಿಗಳಲ್ಲಿ ಒಬ್ಬರು ಹೆಚ್ಚು ಅಭ್ಯಾಸ ಮಾಡಿ ಇನ್ನೊಬ್ಬರು ಕಡಿಮೆ ಮಾಡಿದ್ದರೂ, ಸ್ವರ ಮತ್ತು ಲಯದ ಸಣ್ಣ ವ್ಯತ್ಯಾಸ ಗುರುತಿಸುವ ಶಕ್ತಿ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದರೆ ಕಿವಿಯ ಸೂಕ್ಷ್ಮದಲ್ಲಿ ಹುಟ್ಟಿನಿಂದ ಬಂದ ಭಾಗ ಇದ್ದೇ ಇದೆ.

ಹಾಗಾದರೆ ಅಭ್ಯಾಸ ಸೋತಿತೇ? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಈ ಅಧ್ಯಯನಗಳೆಲ್ಲ ಕೇಳಿದ್ದು ‘ರಾಮನಿಗಿಂತ ಶಾಮ ಯಾಕೆ ಮುಂದೆ?’ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹತ್ತಾರು: ಕಿವಿ, ಗುರು, ಮನೆ, ಶುರು ಮಾಡಿದ ವಯಸ್ಸು, ಆಸಕ್ತಿ, ಅಭ್ಯಾಸ. ಆದರೆ ಪಾಠಕ್ಕೆ ಕಳಿಸುವ ತಾಯಿಗೆ ನಿಜವಾಗಿ ಬೇಕಾದ ಪ್ರಶ್ನೆ ಬೇರೆ. ‘ನನ್ನ ಮಗಳು ಇವತ್ತು ಇರುವಲ್ಲಿಂದ ಮುಂದಿನ ವರ್ಷ ಒಂದು ಹೆಜ್ಜೆ ಮುಂದೆ ಹೋಗುತ್ತಾಳೆಯೇ?’ ಈ ಪ್ರಶ್ನೆಗೆ ಇರುವ ದಾರಿ ಒಂದೇ, ಅದು ಅಭ್ಯಾಸ. ಪ್ರತಿಭಾವಂತನಿಗೂ ಅದೇ ದಾರಿ, ಸಾಮಾನ್ಯನಿಗೂ ಅದೇ ದಾರಿ. ಇಬ್ಬರ ನಡಿಗೆಯ ವೇಗ ಬೇರೆ ಇರಬಹುದು, ಆದರೆ ನಡೆಯದೆ ಊರು ಸೇರಿದವರು ಯಾರೂ ಇಲ್ಲ. ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಂಡಾಗ ಮಗುವಿನ ಪಿಟೀಲು ಅಟ್ಟ ಸೇರುತ್ತದೆ.

ನಡೆದವರ ಕಥೆ ಬೇಕೆಂದರೆ ನಮ್ಮ ಕಣ್ಣೆದುರಿಗೇ ಇವೆ. ಈ ಊರಿನಿಂದಲೇ ಶುರು ಮಾಡೋಣ. ಉಸ್ತಾದ್ ಜಾಕಿರ್ ಹುಸೇನ್ 1951ರಲ್ಲಿ ಹುಟ್ಟಿದ್ದು ಇಲ್ಲೇ ಮಾಹಿಮ್‌ನಲ್ಲಿ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಎಲ್ಲರೂ ‘ಹುಟ್ಟು ಪ್ರತಿಭೆ’ ಎಂದೇ ಕೊಂಡಾಡಿದರು. ಸುಳ್ಳಲ್ಲ. ಆದರೆ ಅವರೇ ಹೇಳಿಕೊಂಡ ಬಾಲ್ಯವನ್ನು ನೆನಪಿಸಿಕೊಳ್ಳಿ. ಹುಟ್ಟಿದ ಕೂಸಿನ ಕಿವಿಯಲ್ಲಿ ತಂದೆ ಅಲ್ಲಾರಖಾ ಅವರು ಉಸುರಿದ್ದು ತಬಲಾದ ಬೋಲುಗಳನ್ನಂತೆ. ಹುಡುಗನಿಗೆ ಏಳು ವರ್ಷವಾದ ಮೇಲೆ ಬೆಳಗಿನ ಜಾವ ಮೂರು ಗಂಟೆಗೆ ಅಪ್ಪ ಮಗ ಎದ್ದು ಕೂರುತ್ತಿದ್ದರಂತೆ, ಬೋಲುಗಳನ್ನು ಬಾಯಲ್ಲಿ ಹೇಳುತ್ತ, ಹೇಳಿಸುತ್ತ. ಆಮೇಲೆ ಶಾಲೆ. ಊರೆಲ್ಲ ಮಲಗಿರುವಾಗ ನಡೆದ ಈ ಕೆಲಸ ನಮ್ಮ ಕಣ್ಣಿಗೆ ಬೀಳಲಿಲ್ಲ, ವೇದಿಕೆಯ ಮೇಲಿನ ಮಿಂಚು ಮಾತ್ರ ಬಿತ್ತು. ಸಂಗೀತಗಾರರ ಮನೆಯ ಮಕ್ಕಳಲ್ಲಿ ನಾವು ‘ರಕ್ತಗುಣ’ ಎಂದು ಕರೆಯುವುದರಲ್ಲಿ ಎಷ್ಟು ರಕ್ತದ್ದು, ಎಷ್ಟು ಆ ಮನೆಯ ಬೆಳಗಿನ ಜಾವದ್ದು ಎಂದು ಬೇರ್ಪಡಿಸುವುದು ಕಷ್ಟ.

ಎರಡನೆಯ ಕಥೆ ನಮ್ಮ ದಕ್ಷಿಣ ಕನ್ನಡದ್ದು. ಕದ್ರಿ ಗೋಪಾಲನಾಥ್ 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮನೆಯಲ್ಲಿ ಸಂಗೀತ ಇತ್ತು, ಒಪ್ಪೋಣ. ಆದರೆ ಹುಡುಗನ ಮನಸ್ಸು ಹೋದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡ ಸ್ಯಾಕ್ಸೊಫೋನಿನ ಕಡೆಗೆ. ಅದನ್ನು ಮಾಡಿದವರು ಯೂರೋಪಿನವರು. ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ಕೀಲಿ ಒತ್ತಿ ಜಿಗಿಯಬೇಕು. ನಮ್ಮ ಕರ್ನಾಟಕ ಸಂಗೀತಕ್ಕೋ ಜಿಗಿತ ಸಾಲದು, ಜಾರು ಬೇಕು, ಕಂಪಿತ ಬೇಕು. ಗಮಕವಿಲ್ಲದ ತೋಡಿಯನ್ನು ತೋಡಿ ಎಂದು ಯಾರು ಕರೆದಾರು? ಆ ಲೋಹದ ಕೊಳವೆಯಿಂದ ಗಮಕ ಹೊರಡಿಸುವ ಬಗೆಯನ್ನು ಹೇಳಿಕೊಡಲು ಮುಂದೆ ದಾರಿ ನಡೆದವರೇ ಇರಲಿಲ್ಲ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರ ಬಳಿ, ಆಮೇಲೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತರು. ಉಸಿರು, ತುಟಿ, ಬೆರಳು ಮೂರನ್ನೂ ಪಳಗಿಸಿದರು. ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಅವರಿಗೆ ಹಿಡಿದದ್ದು ಸುಮಾರು 20 ವರ್ಷ. ಮುಂಬೈ ಕೇಳುಗರಿಗೆ ಒಂದು ಹೆಮ್ಮೆಯ ಸಂಗತಿ ಹೇಳಬೇಕು. ಅವರ ಬದುಕಿಗೆ ದೊಡ್ಡ ತಿರುವು ಸಿಕ್ಕಿದ್ದು 1980ರಲ್ಲಿ ಈ ಊರಿನ ಜಾಜ್ ಉತ್ಸವದಲ್ಲಿ. ಕ್ಯಾಲಿಫೋರ್ನಿಯಾದ ಜಾಜ್ ಕಲಾವಿದ ಜಾನ್ ಹ್ಯಾಂಡಿ ಅವರ ವಾದನ ಕೇಳಿ, ಜೊತೆಗೆ ನುಡಿಸಲು ವೇದಿಕೆ ಏರಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಸ್ಯಾಕ್ಸೊಫೋನ್ ನಮ್ಮ ಮದುವೆ ಮನೆಯ ಮಂಗಳವಾದ್ಯಗಳ ಸಾಲಿಗೇ ಸೇರಿಬಿಟ್ಟಿತ್ತು. ಮೊದಲ ವರ್ಷಗಳಲ್ಲಿ ಯಾರಾದರೂ ‘ಇದು ಆಗಿಬರುವ ವಾದ್ಯವಲ್ಲ, ಬಿಡಪ್ಪ’ ಎಂದಿದ್ದರೆ ಆ ಮಾತು ತೀರ ಅಸಮಂಜಸ ಎನಿಸುತ್ತಿರಲಿಲ್ಲ.

ಮೂರನೆಯ ಕಥೆ ‘ನಮಗೆ ವಯಸ್ಸಾಯಿತು’ ಅನ್ನುವವರಿಗೆ. ಪಂಡಿತ್ ರವಿಶಂಕರ್ ಅಣ್ಣ ಉದಯಶಂಕರರ ತಂಡದಲ್ಲಿ ಕುಣಿಯುತ್ತಿದ್ದ ಹುಡುಗ. ಬಾಬಾ ಅಲ್ಲಾವುದ್ದೀನ್ ಖಾನರ ಬಳಿ ಸಿತಾರ್ ಕಲಿಯಲು ಮೈಹರಕ್ಕೆ ಹೋಗಿ ಕೂತದ್ದು 1938ರಲ್ಲಿ, 18ನೆಯ ವಯಸ್ಸಿಗೆ. 1932ರಲ್ಲಿ ಹುಟ್ಟಿದ ನಮ್ಮ ಪಂಡಿತ್ ರಾಜೀವ ತಾರಾನಾಥರು ಮೊದಲು ಗಾಯಕರು. ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಕೇಳಿ ಮನಸೋತು, ಪ್ರಾಯಕ್ಕೆ ಬಂದ ಮೇಲೆ, ಹೊಸ ವಾದ್ಯ ಹಿಡಿದು ಕೋಲ್ಕತ್ತಾಕ್ಕೆ ಹೊರಟರು. ಹಾಡುವ ಗಂಟಲು ಪಳಗಿತ್ತು, ಬೆರಳು ಪಳಗಿರಲಿಲ್ಲ. ಬಲ್ಲವನು ಮತ್ತೆ ಒಂದನೇ ತರಗತಿಯಲ್ಲಿ ಕೂರುವುದಿದೆಯಲ್ಲ, ಅದು ಏನೂ ತಿಳಿಯದವನು ಕೂರುವುದಕ್ಕಿಂತ ಕಷ್ಟ. ಜೊತೆಗೆ ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕ ವೃತ್ತಿ, ಎಲಿಯಟ್ ಕವಿಯ ಮೇಲೆ ಡಾಕ್ಟರೇಟು. ‘ಸಂಸ್ಕಾರ’ ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ. 2009ರಲ್ಲಿ ಅಲಿ ಅಕ್ಬರ್ ಖಾನರು ತೀರಿಕೊಳ್ಳುವವರೆಗೂ ಅವರ ಶಿಷ್ಯರಾಗಿಯೇ ಇದ್ದರು. ಅಂದರೆ ಎಪ್ಪತ್ತು ದಾಟಿದ ಮೇಲೂ ವಿದ್ಯಾರ್ಥಿ! 2024ರ ಜೂನ್‌ನಲ್ಲಿ ಮೈಸೂರಿನಲ್ಲಿ ಅವರು ನಮ್ಮನ್ನು ಅಗಲಿದರು. ಇವರು ಅಸಾಮಾನ್ಯ ಪ್ರತಿಭಾವಂತರು, ಅನುಮಾನವಿಲ್ಲ. ಆದರೆ ಆ ಪ್ರತಿಭೆಯೂ ‘ಸ ರಿ ಗ ಮ’ದಿಂದ ಶುರು ಮಾಡುವ ಕಷ್ಟವನ್ನು ತಪ್ಪಿಸಲಿಲ್ಲ.

ಈಗ ಎರಿಕ್ಸನ್ ಹೇಳಿದ ‘ಹೇಗೆ ಕೂತು ಕಲಿತರು’ ಅನ್ನುವ ಮಾತಿಗೆ ಬರೋಣ. ದಿನವೂ ಕೂತು ಅದೇ ತಪ್ಪನ್ನು ನೂರು ಸಲ ನುಡಿಸಿದರೆ ಆ ತಪ್ಪೇ ಗಟ್ಟಿಯಾಗುತ್ತದೆ. ನಮ್ಮ ಹಿರಿಯರು ಸರಳೆ, ಜಂಟಿ, ಅಲಂಕಾರಗಳನ್ನು ಮೂರು ಕಾಲದಲ್ಲಿ ನುಡಿಸಿ ಎಂದು ಹೇಳಿದ್ದು ಮಕ್ಕಳನ್ನು ಗೋಳು ಹೊಯ್ದುಕೊಳ್ಳಲು ಅಲ್ಲ. ಮೊದಲ ಕಾಲದಲ್ಲಿ ಸ್ವರ ಶುದ್ಧವಾಗಿದೆಯೇ ಎಂದು ಕೇಳಿಸಿಕೊಳ್ಳಲು ಪುರುಸೊತ್ತು ಇರುತ್ತದೆ. ಮೂರನೇ ಕಾಲಕ್ಕೆ ಹೋದಾಗ ಯಾವ ಬೆರಳು ಹಿಂದೆ ಬಿದ್ದಿದೆ ಎಂದು ತಾನಾಗಿ ತಿಳಿಯುತ್ತದೆ. ಮಕ್ಕಳು ಓಡುವುದು ಮೂರನೇ ಕಾಲಕ್ಕೆ, ಕಲಿಕೆ ಆಗುವುದು ಮೊದಲ ಕಾಲದಲ್ಲಿ.

ಪಿಟೀಲು ಚೌಡಯ್ಯನವರನ್ನು ಇಲ್ಲಿ ನೆನೆಯಬೇಕು. ತಿರುಮಕೂಡಲಿನ ಆ ಹುಡುಗ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಕಟ್ಟುನಿಟ್ಟಿನ ಗುರುಕುಲದಲ್ಲಿ ವರ್ಷಗಟ್ಟಲೆ ಕಳೆದವರು. ಅಷ್ಟಕ್ಕೇ ನಿಲ್ಲಲಿಲ್ಲ. ಮೈಕು ಇಲ್ಲದ ಕಾಲ. ದೊಡ್ಡ ಸಭೆಯಲ್ಲಿ ಪಿಟೀಲಿನ ನಾದ ಕೊನೆಯ ಸಾಲಿನವರೆಗೆ ಮುಟ್ಟುತ್ತಿರಲಿಲ್ಲ. ಕೊರತೆ ಎಲ್ಲಿದೆ ಎಂದು ಹುಡುಕಿ, ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ರೂಪಿಸಿದರು. ಬೆಂಗಳೂರಿಗೆ ಹೋದಾಗ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನ ನೋಡಿರುತ್ತೀರಿ. ತನ್ನ ವಾದನದಲ್ಲಿ ಕೊರತೆ ಎಲ್ಲಿದೆ ಎಂದು ಹುಡುಕುವ ಆ ಕಿವಿಯೇ ಸಾಧನೆಯ ಅರ್ಧ ಭಾಗ.

ಆ ಕಿವಿಯನ್ನು ಬೆಳೆಸಿಕೊಳ್ಳಲು ನಮ್ಮ ರೇಡಿಯೊದವರ ಒಂದು ಉಪಾಯ ಹೇಳುತ್ತೇನೆ. ಹೊಸದಾಗಿ ಉದ್ಘೋಷಣೆಗೆ ಬಂದವರಿಗೆ ಮೊದಲು ಮಾಡಿಸುವ ಕೆಲಸ ಅವರದೇ ದನಿಯನ್ನು ಮುದ್ರಿಸಿ ಅವರಿಗೇ ಕೇಳಿಸುವುದು. ಎಲ್ಲರೂ ಬೆಚ್ಚಿಬೀಳುತ್ತಾರೆ. ‘ಇದು ನನ್ನ ದನಿಯೇ?’ ಮಾತಾಡುವಾಗ ನಮ್ಮ ದನಿ ತಲೆಯ ಎಲುಬಿನ ಮೂಲಕವೂ ನಮಗೆ ಕೇಳಿಸುವುದರಿಂದ ಬೇರೆಯೇ ಅನ್ನಿಸುತ್ತದೆ. ನುಂಗಿದ ಅಕ್ಷರ, ತಪ್ಪು ಜಾಗದಲ್ಲಿ ಎಳೆದ ಉಸಿರು, ಎಲ್ಲ ಮುದ್ರಣದಲ್ಲಿ ಸಿಕ್ಕಿಬೀಳುತ್ತವೆ. ವಾದ್ಯ ನುಡಿಸುವಾಗಲೂ ಹೀಗೇ. ಗಮನವೆಲ್ಲ ಬೆರಳಿನ ಮೇಲಿರುತ್ತದೆ, ಕಿವಿಗೆ ಅರ್ಧ ಮಾತ್ರ ಬಿಡುವು. ಈಗಂತೂ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಎರಡು ನಿಮಿಷ ನುಡಿಸಿದ್ದನ್ನು ಮುದ್ರಿಸಿಕೊಂಡು, ವಾದ್ಯ ಕೆಳಗಿಟ್ಟು ಕೇಳಿ. ಒಂದು ತಪ್ಪು ಆರಿಸಿಕೊಳ್ಳಿ, ಒಂದೇ. ಮರುದಿನ ಆ ಜಾಗವನ್ನು ಮಾತ್ರ ನಿಧಾನವಾಗಿ ನುಡಿಸಿ. ತಿಂಗಳ ಮುದ್ರಣಗಳನ್ನು ಅಳಿಸದೆ ಇಟ್ಟುಕೊಳ್ಳಿ. ಆರು ತಿಂಗಳ ಹಿಂದಿನದನ್ನು ಕೇಳಿದಾಗ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸುವ ಆಸೆ ತಾನಾಗಿ ಕಡಿಮೆಯಾಗುತ್ತದೆ. ನಿಮ್ಮ ಮಗುವಿನ ಪ್ರಗತಿ ಅಳೆಯಲು ಸರಿಯಾದ ಅಳತೆಗೋಲು ನಿಮ್ಮ ಮಗುವೇ.

ನಗರದ ಮನೆಗಳಲ್ಲಿ ಜಾಗ ಕಮ್ಮಿ, ಸಮಯ ಅದಕ್ಕಿಂತ ಕಮ್ಮಿ. ಭಾನುವಾರ ಮೂರು ಗಂಟೆ ಒಟ್ಟಿಗೆ ಕೂರುವುದಕ್ಕಿಂತ ದಿನಕ್ಕೆ 20 ನಿಮಿಷ ಮೇಲು. ಬಿಟ್ಟು ಬಿಟ್ಟು, ನಡುವೆ ನಿದ್ದೆ ಮಾಡಿ ಕಲಿತದ್ದು ಕೈಯಲ್ಲಿ ಚೆನ್ನಾಗಿ ಉಳಿಯುತ್ತದೆ ಎಂದು ಕಲಿಕೆಯ ಅಧ್ಯಯನಗಳೂ ಹೇಳುತ್ತವೆ. ಗೋಡೆಯಾಚೆಯವರಿಗೆ ತೊಂದರೆ ಎನಿಸಿದರೆ ಪಿಟೀಲಿನ ಕುದುರೆಗೆ ಸಿಕ್ಕಿಸುವ ರಬ್ಬರ್ ಮ್ಯೂಟ್ ಸಿಗುತ್ತದೆ. ತಬಲಾ, ಮೃದಂಗ ಕಲಿಯುವವರು ಲೋಕಲ್ ರೈಲಿನಲ್ಲಿ ನಿಂತೇ ಕೊನ್ನಕೋಲು, ಬೋಲು ಬಾಯಿಪಾಠ ಮಾಡಬಹುದು, ತೊಡೆಯ ಮೇಲೆ ತಾಳ ಹಾಕಿದರೆ ಯಾರೂ ಬೇಡ ಅನ್ನುವುದಿಲ್ಲ. ವಾದ್ಯವನ್ನು ಪೆಟ್ಟಿಗೆಯಲ್ಲಿ ಮಂಚದ ಕೆಳಗೆ ತಳ್ಳದೆ ಕೈಗೆ ಸಿಗುವಲ್ಲಿ ಇಡಿ. ಅರ್ಧ ಸೋಮಾರಿತನ ಅಲ್ಲೇ ಹೋಗುತ್ತದೆ.

ಮಕ್ಕಳ ವಿಷಯಕ್ಕೆ ಇನ್ನೊಂದು ಮಾತು. ಆಸ್ಟ್ರೇಲಿಯಾದ ಸಂಗೀತ ಶಿಕ್ಷಣ ಸಂಶೋಧಕ ಗ್ಯಾರಿ ಮೆಕ್‌ಫರ್ಸನ್ ಅವರು ಮಕ್ಕಳನ್ನು ಪಾಠ ಶುರುವಾಗುವ ಮೊದಲೇ ಮಾತಾಡಿಸಿ, ಈ ವಾದ್ಯವನ್ನು ಎಷ್ಟು ಕಾಲ ನುಡಿಸಬೇಕೆಂದಿದ್ದೀಯ ಎಂದು ಕೇಳಿದರು. ‘ಈ ವರ್ಷ’ ಎಂದವರಿದ್ದರು, ‘ಶಾಲೆ ಮುಗಿಯುವವರೆಗೆ’ ಎಂದವರಿದ್ದರು, ‘ಜೀವನ ಪೂರ್ತಿ’ ಎಂದವರೂ ಇದ್ದರು. ಆಮೇಲೆ ನೋಡಿದರೆ, ದೀರ್ಘಕಾಲ ನುಡಿಸುತ್ತೇನೆ ಎಂದುಕೊಂಡ ಮಕ್ಕಳು ಕಡಿಮೆ ಹೊತ್ತು ಅಭ್ಯಾಸ ಮಾಡಿದರೂ ಹೆಚ್ಚು ಮುಂದೆ ಹೋಗಿದ್ದರು. ‘ಇದು ನನ್ನದು’ ಅನ್ನುವ ಭಾವ ಇದ್ದರೆ ಅದೇ 20 ನಿಮಿಷಕ್ಕೆ ಬೇರೆ ತೂಕ ಬರುತ್ತದೆ. ಆದ್ದರಿಂದ ತಂದೆ ತಾಯಂದಿರು ‘ನಿನಗೆ ಪ್ರತಿಭೆ ಇದೆ’ ಎಂದು ಹೊಗಳುವುದೂ ಬೇಡ, ‘ಇಲ್ಲ’ ಎಂದು ತೀರ್ಪು ಕೊಡುವುದೂ ಬೇಡ. ಮೊದಲನೆಯದನ್ನು ಕೇಳಿದ ಮಗು ತಪ್ಪಾದಾಗ ಹೆದರುತ್ತದೆ, ಎರಡನೆಯದನ್ನು ಕೇಳಿದ ಮಗು ಕೈಚೆಲ್ಲುತ್ತದೆ. ಅದರ ಬದಲು ‘ನಿನ್ನೆ ತಡವರಿಸಿದ ಜಾಗ ಇವತ್ತು ಸರಿಯಾಯಿತಲ್ಲ’ ಎಂದು ಹೇಳಿ ನೋಡಿ. ಹಾಗೆ ಹೇಳಬೇಕೆಂದರೆ ನೀವೂ ನಿನ್ನೆ ಕೂತು ಕೇಳಿರಬೇಕು!

ಮಗು ಎರಡು ಮೂರು ವರ್ಷ ಪ್ರಾಮಾಣಿಕವಾಗಿ ಪ್ರಯತ್ನಿಸಿ, ‘ನನಗೆ ಇದು ಬೇಡ, ಚಿತ್ರ ಬರೆಯುತ್ತೇನೆ’ ಎಂದರೆ ಬಿಡುವುದರಲ್ಲಿ ತಪ್ಪಿಲ್ಲ. ಮನಸ್ಸಿಲ್ಲ ಎಂದು ಬಿಡುವುದು ಬೇರೆ, ಪ್ರತಿಭೆ ಇಲ್ಲವೆಂದು ಇತರರು ಬಿಡಿಸುವುದು ಬೇರೆ. ಹೀಗೆ ಚಿಕ್ಕಂದಿನಲ್ಲಿ ಬಿಡಿಸಿಕೊಂಡವರೇ ಐವತ್ತು ದಾಟಿದ ಮೇಲೆ ‘ಈಗ ಕಲಿಯಬಹುದೇ?’ ಎಂದು ನಮಗೆ ಪತ್ರ ಬರೆಯುತ್ತಾರೆ. ಅವರಿಗೆ ನನ್ನ ಉತ್ತರ: ಖಂಡಿತ ಕಲಿಯಬಹುದು. ಕಛೇರಿ ಕೊಡುವ ಮಟ್ಟ ಮುಟ್ಟದಿರಬಹುದು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಮೋಹನ ರಾಗದ ಗೀತೆಯನ್ನು ಶ್ರುತಿ ಬಿಡದೆ ನುಡಿಸಲು ಖಂಡಿತ ಸಾಧ್ಯ. ಮುಂದೆ ಯಾವುದಾದರೂ ಕಛೇರಿಗೆ ಹೋದಾಗ, ಕಲಾವಿದರು ಒಂದು ಗಮಕ ಹಿಡಿದರೆ ಅದರ ಹಿಂದಿನ ಶ್ರಮ ನಿಮ್ಮ ಬೆರಳಿಗೇ ಗೊತ್ತಾಗುತ್ತದೆ. ಆ ಸುಖಕ್ಕೆ ಯಾರ ಪ್ರಮಾಣಪತ್ರವೂ ಬೇಕಾಗಿಲ್ಲ.

ಅಜ್ಜಿಯ ಎರಡು ಗಾದೆಗಳಲ್ಲಿ ಯಾವುದನ್ನು ಇಟ್ಟುಕೊಳ್ಳೋಣ? ಎರಡನ್ನೂ ಇಟ್ಟುಕೊಳ್ಳಬಹುದು. ಮೊಳಕೆಯಲ್ಲಿ ಸಿರಿ ಇದ್ದರೂ ದಿನಾ ನೀರು ಹಾಕುವವರು ಬೇಕು. ನಮ್ಮ ಕೈಯಲ್ಲಿರುವುದು ನೀರಿನ ತಂಬಿಗೆ ಮಾತ್ರ.

ನೀವು ಯಾವ ವಾದ್ಯ ಕಲಿಯುತ್ತಿದ್ದೀರಿ, ಯಾವ ಹಂತದಲ್ಲಿ ಕೈ ಸಿಕ್ಕಿಕೊಂಡಿದೆ, ಬರೆದು ತಿಳಿಸಿ. ನಿಮ್ಮ ಅನುಭವಗಳನ್ನು ಮುಂದಿನ ವಾರಗಳಲ್ಲಿ ಓದೋಣ. ಈಗ ಇಲ್ಲಿಗೆ ಮಾತು ನಿಲ್ಲಿಸುತ್ತೇನೆ, ನೀವು ನಿಮ್ಮ ಇಪ್ಪತ್ತು ನಿಮಿಷ ಶುರು ಮಾಡಿ.